ಹಳೆ ಜೀಪಿನ ಕಟಕಟ ಸದ್ದು: ಎಂಜಿನ್ ಬಿಚ್ಚುವ ಮುನ್ನ ಬೆಲ್ಟ್ ಬಿಚ್ಚಿ ನೋಡಿ

ಪ್ರಶ್ನೆ: ಮಾದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅಪ್ಪ ಓಡಿಸುತ್ತಿದ್ದ ಮಹೀಂದ್ರ ಡೀಸೆಲ್ ಜೀಪು ಅವರು ತೀರಿಕೊಂಡ ಮೇಲೆ ಎರಡು ಮಳೆಗಾಲ ಶೆಡ್ಡಿನಲ್ಲೇ ನಿಂತಿತ್ತು. ಈಗ ಹೊಸ ಬ್ಯಾಟರಿ ಹಾಕಿಸಿದೆ, ಸ್ಟಾರ್ಟ್ ಆಗುತ್ತಿದೆ. ಆದರೆ ಐಡಲ್‌ನಲ್ಲಿ ಫ್ಯಾನ್ ಕಡೆಯಿಂದ ಕಟಕಟ ಎಂಬ ಸದ್ದು ಬರುತ್ತದೆ, ಆಕ್ಸಿಲರೇಟರ್ ಕೊಟ್ಟರೆ ಕಡಿಮೆಯಾಗುತ್ತದೆ. ಬ್ರೇಕ್ ಪೆಡಲ್ ಅಪ್ಪನ ಕಾಲದಲ್ಲಿ ಇದ್ದದ್ದಕ್ಕಿಂತ ಗಟ್ಟಿಯಾಗಿದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಗುಂಯ್ ಅನ್ನುತ್ತದೆ, ಕ್ಲಚ್ ತುಳಿದರೆ ಆ ಸದ್ದು ನಿಲ್ಲುತ್ತದೆ. ಬಾನೆಟ್ ಎತ್ತಿದರೆ ಏನೇನೋ ಕಾಣುತ್ತದೆ: ಆಲ್ಟರ್ನೇಟರ್ ಬೆನ್ನಿಗೆ ಮೂರು ಪೈಪುಗಳಿರುವ ಗುಂಡನೆಯ ಒಂದು ಭಾಗ, ಡೀಸೆಲ್ ಫಿಲ್ಟರ್ ಹತ್ತಿರ ಒತ್ತುವ ಗುಂಡಿ, ತಳದಲ್ಲಿ ಆಯಿಲ್ ತುಂಬಿದ ದೊಡ್ಡ ಕಪ್ಪು ಡಬ್ಬ. ಶೆಡ್ಡಿನ ನೆಲದ ಮೇಲೆ ಒಂದು ತಾಮ್ರದ ವಾಷರ್ ಕೂಡ ಸಿಕ್ಕಿದೆ. ಗ್ಯಾರೇಜಿನವರು ಸದ್ದು ಕೇಳಿದ ಕೂಡಲೇ ಎಂಜಿನ್ ಬಿಚ್ಚಬೇಕು ಅಂದರು. ಬಿಚ್ಚಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದ ಲಕ್ಷಣಗಳಲ್ಲಿ ಎಂಜಿನ್ ಒಳಗೇ ಕೆಟ್ಟಿದೆ ಎಂದು ಹೇಳಿಸುವಂಥದ್ದು ಒಂದೂ ಇಲ್ಲ. ಆದರೆ ಬ್ರೇಕ್ ವಿಷಯ ತೀರ್ಮಾನವಾಗುವವರೆಗೆ ಜೀಪನ್ನು ಗೇಟಿನಾಚೆ ಒಯ್ಯಬೇಡಿ. ಸಂಪಾಜೆ ಘಾಟಿಯ ಮಾತು ಹಾಗಿರಲಿ, ನಿಮ್ಮ ಊರಿನ ಇಳಿಜಾರಿಗೂ ಬೇಡ.

ಹೀಗೆ ಹೇಳಲು ಕಾರಣವಿದೆ. ಕಟಕಟ ಸದ್ದು ಮತ್ತು ಗಟ್ಟಿ ಪೆಡಲ್ ಎರಡನ್ನೂ ನೀವು ಬೇರೆ ಬೇರೆ ತೊಂದರೆಗಳಾಗಿ ಬರೆದಿದ್ದೀರಿ. ನನ್ನ ಅಂದಾಜಿನಲ್ಲಿ ಎರಡರ ಮೂಲವೂ ಒಂದೇ, ಅದೂ ನಿಮಗೆ ಗುರುತು ಸಿಗದ ಆ ಗುಂಡನೆಯ ಭಾಗ. ಅದು ವ್ಯಾಕ್ಯೂಮ್ ಪಂಪ್. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಅಡ್ಡವಾಗಿ ಥ್ರಾಟಲ್ ಇರುವುದರಿಂದ ಅದರಾಚೆ ತಾನಾಗಿಯೇ ನಿರ್ವಾತ ಹುಟ್ಟುತ್ತದೆ. ಬ್ರೇಕ್ ಬೂಸ್ಟರ್ ಅದನ್ನೇ ಬಳಸಿಕೊಂಡು ನಿಮ್ಮ ಕಾಲಿನ ಒತ್ತಡಕ್ಕೆ ಬಲ ಕೂಡಿಸುತ್ತದೆ. ಹಳೆ ಡೀಸೆಲ್ ಎಂಜಿನ್ನಿಗೆ ಥ್ರಾಟಲ್ ಇಲ್ಲ, ಗಾಳಿ ತಡೆಯಿಲ್ಲದೆ ಒಳಗೆ ಹೋಗುತ್ತದೆ. ಹಾಗಾಗಿ ಬೂಸ್ಟರ್‌ಗೆ ಬೇಕಾದ ನಿರ್ವಾತವನ್ನು ಬೇರೊಂದು ಪಂಪಿನಿಂದಲೇ ಮಾಡಿಕೊಳ್ಳಬೇಕು. ನಮ್ಮ ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಆ ಪಂಪನ್ನು ಆಲ್ಟರ್ನೇಟರ್ ಬೆನ್ನಿಗೇ ಕೂರಿಸಿರುತ್ತಾರೆ. ಆಲ್ಟರ್ನೇಟರ್ ತಿರುಗುವ ಅದೇ ಶಾಫ್ಟ್ ಪಂಪನ್ನೂ ತಿರುಗಿಸುತ್ತದೆ.

ಹೆಸರು ಗೊತ್ತಿಲ್ಲದ ಯಾವ ಭಾಗವನ್ನೇ ಆಗಲಿ ಗುರುತಿಸುವ ದಾರಿ ಒಂದೇ. ಅದರ ಆಕಾರ ನೋಡುತ್ತ ನಿಲ್ಲಬೇಡಿ. ಅದಕ್ಕೆ ಏನು ಬರುತ್ತದೆ, ಅದರಿಂದ ಏನು ಹೋಗುತ್ತದೆ, ಅದನ್ನು ಯಾವುದು ತಿರುಗಿಸುತ್ತದೆ ಎಂದು ಪೈಪು, ವೈರು, ಬೆಲ್ಟು ಹಿಡಿದುಕೊಂಡು ಹೋಗಿ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಈ ಪಂಪಿನ ಮೂರು ಪೈಪುಗಳನ್ನು ಒಂದೊಂದಾಗಿ ಬೆರಳಿನಲ್ಲಿ ಸವರುತ್ತ ಕೊನೆ ಮುಟ್ಟಿ. ದಪ್ಪ ರಬ್ಬರ್ ಪೈಪು ಬ್ರೇಕ್ ಪೆಡಲಿನ ಮುಂದಿರುವ ದೊಡ್ಡ ದುಂಡು ಡಬ್ಬಕ್ಕೆ, ಅಂದರೆ ಬೂಸ್ಟರ್‌ಗೆ ಹೋಗಬೇಕು. ನಡುವೆ ಒಂದೇ ದಿಕ್ಕಿಗೆ ಗಾಳಿ ಬಿಡುವ ವಾಲ್ವ್ ಇರುತ್ತದೆ. ತೆಳ್ಳಗಿನ ಪೈಪು ಎಂಜಿನ್ ಬ್ಲಾಕಿನಿಂದ ಬಂದಿರುತ್ತದೆ, ಅದು ಪಂಪಿಗೆ ಆಯಿಲ್ ತರುವ ದಾರಿ. ಮೂರನೆಯದು ಇಳಿಜಾರಾಗಿ ಕೆಳಗೆ ಆಯಿಲ್ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕಡೆ ಹೋಗುತ್ತದೆ, ಅದು ಆಯಿಲ್ ವಾಪಸ್ ಹೋಗುವ ದಾರಿ.

ಈ ಆಯಿಲ್ ಪೈಪೇ ನಿಮ್ಮ ವಿಷಯದಲ್ಲಿ ಮುಖ್ಯ. ಪಂಪಿನ ಒಳಗೆ ರೋಟರ್‌ನ ಸೀಳುಗಳಲ್ಲಿ ಚಪ್ಪಟೆ ಬ್ಲೇಡುಗಳು ಕೂತಿರುತ್ತವೆ. ತಿರುಗುವಾಗ ಅವು ಹೊರಕ್ಕೆ ಚಿಮ್ಮಿ ಗೋಡೆಗೆ ಒತ್ತಿಕೊಂಡು ಗಾಳಿಯನ್ನು ಎಳೆದು ಹಾಕುತ್ತವೆ. ಆಯಿಲ್ ಇದ್ದರೆ ಅವು ನುಣುಪಾಗಿ ಜಾರುತ್ತವೆ, ಸಂದೂ ಮುಚ್ಚಿಕೊಳ್ಳುತ್ತದೆ. ಎರಡು ಮಳೆಗಾಲ ಅಲುಗಾಡದೆ ನಿಂತ ಎಂಜಿನ್ನಿನಲ್ಲಿ ಹಳೆ ಆಯಿಲ್ ಗಸಿಯಾಗಿ ತೆಳ್ಳಗಿನ ಪೈಪಿನಲ್ಲೋ ಅದರ ಬೋಲ್ಟಿನ ಸಣ್ಣ ತೂತಿನಲ್ಲೋ ಕಟ್ಟಿಕೊಳ್ಳುವುದು ಸಾಮಾನ್ಯ. ಆಗ ಬ್ಲೇಡುಗಳು ಅಂಟಿಕೊಳ್ಳುತ್ತವೆ, ನಿಧಾನ ತಿರುಗುವಾಗ ಗೋಡೆ ಬಿಟ್ಟು ಮತ್ತೆ ಬಡಿಯುತ್ತವೆ. ವೇಗ ಹೆಚ್ಚಿದರೆ ಚಿಮ್ಮುವ ಬಲ ಹೆಚ್ಚಿ ಗೋಡೆಗೆ ಅಂಟಿಕೊಂಡೇ ಓಡುತ್ತವೆ. ನೀವು ಬರೆದದ್ದೂ ಇದನ್ನೇ: ಐಡಲ್‌ನಲ್ಲಿ ಕಟಕಟ, ಆಕ್ಸಿಲರೇಟರ್ ಕೊಟ್ಟರೆ ಕಡಿಮೆ. ಎಳೆಯುವ ಶಕ್ತಿ ಕುಂದಿದ್ದರಿಂದ ಬೂಸ್ಟರ್‌ಗೆ ನಿರ್ವಾತ ಸಾಲದೆ ಪೆಡಲ್ ಗಟ್ಟಿಯಾಗಿದೆ.

ಇದು ಊಹೆಯೇ ಹೊರತು ತೀರ್ಪಲ್ಲ. ಖಚಿತಪಡಿಸಿಕೊಳ್ಳಲು ಮೊದಲು ಪೆಡಲ್ ಪರೀಕ್ಷೆ ಮಾಡಿ. ಇದಕ್ಕೆ ಸ್ಪ್ಯಾನರೂ ಬೇಡ. ಸಮತಟ್ಟಾದ ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಬ್ರೇಕ್ ಪೆಡಲನ್ನು ಏಳೆಂಟು ಸಲ ತುಳಿಯಿರಿ. ಬೂಸ್ಟರ್‌ನಲ್ಲಿ ಉಳಿದಿದ್ದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಎಂಜಿನ್ ಸ್ಟಾರ್ಟ್ ಮಾಡಿ. ಪಂಪು ಸರಿಯಿದ್ದರೆ ಸ್ವಲ್ಪ ಹೊತ್ತಿನಲ್ಲೇ ಪೆಡಲ್ ನಿಮ್ಮ ಕಾಲಡಿ ಒಂದಿಷ್ಟು ಕೆಳಗಿಳಿಯಬೇಕು. ಇಳಿಯದಿದ್ದರೆ ಬೂಸ್ಟರ್‌ಗೆ ನಿರ್ವಾತ ತಲುಪುತ್ತಿಲ್ಲ. ಆಗ ಬೂಸ್ಟರ್ ತುದಿಯಲ್ಲಿ ದಪ್ಪ ಪೈಪನ್ನು ಕಳಚಿ, ಎಂಜಿನ್ ಐಡಲ್‌ನಲ್ಲಿರುವಾಗ ಅದರ ಬಾಯಿಗೆ ಹೆಬ್ಬೆರಳು ಇಡಿ. ಚೆನ್ನಾಗಿ ಎಳೆದರೆ ಪಂಪು ಸರಿಯಿದೆ, ದೋಷ ಬೂಸ್ಟರ್‌ನದ್ದು. ಎಳೆಯದಿದ್ದರೆ ಪಂಪು, ಅಥವಾ ನಡುವಿನ ಪೈಪು ಸೀಳಿದೆ. ಇಲಿ ಕಡಿದಿರುವ ಸಾಧ್ಯತೆಯನ್ನೂ ಮರೆಯಬೇಡಿ. ಮಳೆಗಾಲದಲ್ಲಿ ತೋಟದ ಶೆಡ್ಡಿನ ಜೀಪಿಗಿಂತ ಬೆಚ್ಚನೆಯ ಜಾಗ ಇಲಿಗೆ ಬೇರೆ ಸಿಗುವುದಿಲ್ಲ.

ಸದ್ದಿನ ಪರೀಕ್ಷೆಗೆ ಬೆಲ್ಟ್ ಬಿಚ್ಚಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ. ಆಲ್ಟರ್ನೇಟರ್ ಬೆನ್ನಿನ ದಪ್ಪ ವೈರಿನಲ್ಲಿ ಚಾವಿ ತೆಗೆದಿದ್ದರೂ ಕರೆಂಟು ಇದ್ದೇ ಇರುತ್ತದೆ, ಸ್ಪ್ಯಾನರ್ ತಗುಲಿದರೆ ಕಿಡಿ ಹಾರುತ್ತದೆ. ಆಲ್ಟರ್ನೇಟರ್ ಬೋಲ್ಟು ಸಡಿಲಿಸಿ ಬೆಲ್ಟ್ ತೆಗೆಯಿರಿ. ಈಗ ಪುಲ್ಲಿಗಳನ್ನು ಕೈಯಲ್ಲಿ ಒಂದೊಂದಾಗಿ ತಿರುಗಿಸಿ. ಆಲ್ಟರ್ನೇಟರ್ ಪುಲ್ಲಿ ಒಂದೇ ಸಮನೆ ತಿರುಗುತ್ತದೆಯೇ, ನಡುನಡುವೆ ಹಿಡಿದು ಬಿಡುತ್ತದೆಯೇ? ಫ್ಯಾನನ್ನು ಹಿಡಿದು ಮುಂದಕ್ಕೆ ಹಿಂದಕ್ಕೆ ಅಲುಗಿಸಿ. ವಾಟರ್ ಪಂಪಿನ ಬೇರಿಂಗ್ ಸವೆದಿದ್ದರೆ ಅಲ್ಲೇ ಆಟ ಗೊತ್ತಾಗುತ್ತದೆ, ಅದರ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗಿದ ಕಲೆಯೂ ಕಾಣಬಹುದು. ಆಮೇಲೆ ಬ್ಯಾಟರಿ ಜೋಡಿಸಿ, ಬೆಲ್ಟ್ ಇಲ್ಲದೆಯೇ ಎಂಜಿನ್ ಸ್ಟಾರ್ಟ್ ಮಾಡಿ ಕೇಳಿ. ಚಾರ್ಜ್ ದೀಪ ಉರಿಯುತ್ತದೆ, ಅದು ಸಹಜ. ನೀರು ಸುತ್ತುವುದಿಲ್ಲವಾದ್ದರಿಂದ ಒಂದು ನಿಮಿಷದೊಳಗೆ ಆರಿಸಿಬಿಡಬೇಕು. ಈ ಸ್ಥಿತಿಯಲ್ಲಿ ಗಾಡಿಯನ್ನು ಒಂದಡಿಯೂ ಓಡಿಸಬಾರದು.

ಬೆಲ್ಟ್ ತೆಗೆದ ಮೇಲೆ ಕಟಕಟ ನಿಂತಿತೋ, ಸದ್ದು ಎಂಜಿನ್ ಒಳಗಿನದಲ್ಲ. ಎಂಜಿನ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು. ಇದು ಹತ್ತು ನಿಮಿಷದ ಕೆಲಸ, ಖರ್ಚಿಲ್ಲ. ಇದನ್ನು ಮಾಡದೆ ಹೆಡ್ಡು, ಪಿಸ್ಟನ್ ಎಂದು ಬಿಚ್ಚಿಸಿಕೊಂಡವರನ್ನು ಸಿದ್ದಾಪುರದಿಂದ ಸೋಮವಾರಪೇಟೆಯವರೆಗೂ ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವ್ಯಾಕ್ಯೂಮ್ ಪಂಪೇ ಎಂದು ಗೊತ್ತಾದ ಮೇಲೂ ಹೊಸದನ್ನು ತರಲು ಓಡಬೇಡಿ. ಮೊದಲು ಆಯಿಲ್ ಬರುತ್ತಿದೆಯೇ ನೋಡಿ. ಪಂಪಿನ ಬಳಿ ತೆಳ್ಳಗಿನ ಪೈಪಿನ ನಟ್ಟನ್ನು ಕಳಚಿ, ಕೆಳಗೆ ಬಟ್ಟೆ ಹಿಡಿದು, ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ನಾಬ್ ಎಳೆದು ಹಿಡಿದುಕೊಂಡು ಸ್ವಲ್ಪ ಹೊತ್ತು ಸೆಲ್ಫ್ ಹೊಡೆಸಿ. ಆಯಿಲ್ ಹೊರಗೆ ಬರಬೇಕು. ಬಾರದಿದ್ದರೆ ಪೈಪನ್ನೂ ತೂತಿರುವ ಬೋಲ್ಟನ್ನೂ ಡೀಸೆಲಿನಲ್ಲಿ ತೊಳೆದು ಗಾಳಿ ಹೊಡೆಸಿ. ಹಳೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ ಸ್ವಲ್ಪ ಹೊತ್ತು ಓಡಿಸಿದ ಮೇಲೆ ಅಂಟಿದ ಬ್ಲೇಡುಗಳು ಬಿಟ್ಟುಕೊಂಡು ಸದ್ದು ತಾನಾಗಿ ಹೋಗುವುದೂ ಉಂಟು. ಹೋಗದಿದ್ದರೆ ಪಂಪು ಬಿಚ್ಚಬೇಕು. ಒಳಗಿನ ಗೋಡೆಯಲ್ಲಿ ಉಗುರಿಗೆ ಸಿಗುವಷ್ಟು ಗೀರು ಇದ್ದರೆ ಬರೀ ಬ್ಲೇಡು ಬದಲಿಸಿ ಪ್ರಯೋಜನವಿಲ್ಲ, ಪೂರ್ತಿ ಪಂಪೇ ಬೇಕು. ಆಲ್ಟರ್ನೇಟರಿನ ಗಾಳಿಕಂಡಿಗಳಲ್ಲಿ ಕಪ್ಪು ಆಯಿಲ್ ಪಸೆ ಕಂಡರೆ ನಡುವಿನ ಸೀಲ್ ಹೋಗಿದೆ ಎಂದರ್ಥ. ಅದನ್ನು ಹಾಗೇ ಬಿಟ್ಟರೆ ಬ್ರಷ್ಷು ಆಯಿಲಿನಲ್ಲಿ ನೆನೆದು ಚಾರ್ಜಿಂಗ್ ಕೂಡ ನಿಲ್ಲುತ್ತದೆ.

ಬೆಲ್ಟ್ ವಾಪಸ್ ಹಾಕುವಾಗ ಅದರ ಒಳಮೈ ಮಡಚಿ ನೋಡಿ. ಬಿರುಕಿದ್ದರೆ ಹೊಸದೇ ಹಾಕಿ. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 10ರಿಂದ 12 ಮಿಲಿಮೀಟರ್ ಬಾಗಬೇಕು. ಅತಿ ಬಿಗಿ ಮಾಡಿದರೆ ವಾಟರ್ ಪಂಪಿನ ಬೇರಿಂಗ್ ತಿನ್ನುತ್ತದೆ, ಸಡಿಲವಿದ್ದರೆ ಬೆಳಿಗ್ಗೆ ಚಳಿಗೆ ಕೀಂಯ್ ಎಂದು ಕಿರುಚುತ್ತದೆ.

ಇನ್ನು ಬೆಲ್ಟ್ ತೆಗೆದರೂ ಸದ್ದು ಮುಂದುವರಿದರೆ? ಆಗ ಎಂಜಿನ್ನಿನ ಸದ್ದು ಯಾವ ಮಟ್ಟದಿಂದ ಬರುತ್ತಿದೆ ಎಂದು ಹುಡುಕಬೇಕು. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿ. ಎಲ್ಲೋ ಬರುತ್ತಿದ್ದ ಸದ್ದು ಒಂದು ಬೊಟ್ಟಿನಷ್ಟು ಜಾಗಕ್ಕೆ ಇಳಿದುಬಿಡುತ್ತದೆ. ಸೆರಗು, ವೇಲು, ತೂಗುವ ಸರ, ಬಿಚ್ಚಿದ ಕೂದಲು ಫ್ಯಾನಿನ ಹತ್ತಿರ ಸುಳಿಯಬಾರದು.

ಎಂಜಿನ್ನಿನ ತಲೆಯ ಮೇಲೆ, ಟ್ಯಾಪೆಟ್ ಕವರಿನ ಜಾಗದಲ್ಲಿ ಟಿಕ್ ಟಿಕ್ ಎಂದು ಹಗುರವಾಗಿ ಕೇಳಿದರೆ ವಾಲ್ವ್ ಸಂದು ಹೆಚ್ಚಾಗಿದೆ. ಐಡಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 750 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟ್) ಸೆಕೆಂಡಿಗೆ ಹನ್ನೆರಡೂವರೆ ಸುತ್ತು, ವಾಲ್ವುಗಳನ್ನು ತೆರೆಯುವ ಕ್ಯಾಮ್ ಅದರ ಅರ್ಧ. ಹಾಗಾಗಿ ಒಂದು ವಾಲ್ವಿನ ಟಿಕ್ ಸೆಕೆಂಡಿಗೆ ಸುಮಾರು ಆರು ಸಲ, ಕಿವಿಗೆ ಲಯ ಸಿಗುವಷ್ಟು ನಿಧಾನ. ಆಲ್ಟರ್ನೇಟರ್ ಕ್ರ್ಯಾಂಕಿಗಿಂತ ಎಷ್ಟೋ ಜೋರಾಗಿ ತಿರುಗುವುದರಿಂದ ಅದರ ಪಂಪಿನ ಬಡಿತ ಬಿಡಿಬಿಡಿಯಾಗಿ ಕೇಳದೆ ಒತ್ತೊತ್ತಾಗಿ ಬರುತ್ತದೆ. ಕಣ್ಣು ಮುಚ್ಚಿ ಕೇಳಿ, ಬೆರಳಿನಲ್ಲಿ ತಾಳ ಹಾಕಲು ಆಗುತ್ತದೆಯೇ ನೋಡಿ. ಟ್ಯಾಪೆಟ್ ಆಗಿದ್ದರೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿ ಸಂದು ಹೊಂದಿಸುವುದು ಅರ್ಧ ದಿನದ ಕೆಲಸ, ಅದಕ್ಕೂ ಎಂಜಿನ್ ಬಿಚ್ಚಬೇಕಿಲ್ಲ.

ಹೆಡ್ಡಿನ ಪಕ್ಕದಲ್ಲಿ, ಸೈಲೆನ್ಸರ್ ಪೈಪು ಸೇರುವ ಕಡೆ ಟಕಟಕ ಜೊತೆಗೆ ಗಾಳಿ ಪುಸುಗುಟ್ಟಿ, ಎಂಜಿನ್ ಬಿಸಿಯಾದ ಮೇಲೆ ಕಡಿಮೆಯಾದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರುತ್ತಿದೆ. ಅಲ್ಲಿ ಮಸಿಯ ಗೆರೆ ಕಾಣುತ್ತದೆ. ಟ್ಯಾಪೆಟ್ ಎಂದು ಇದನ್ನು ತಪ್ಪು ತಿಳಿಯುವವರು ಬಹಳ.

ಒಂದೇ ಸಿಲಿಂಡರಿನಿಂದ ಲೋಹ ಬಡಿದಂತೆ ಗಡುಸಾದ ಸದ್ದು ಬಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೋಝಲ್ ಮೇಲೆ ಅನುಮಾನ. ಐಡಲ್‌ನಲ್ಲಿ ಒಂದೊಂದೇ ನೋಝಲಿನ ಪೈಪ್ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿ ಮಾಡುತ್ತ ಹೋದರೆ, ಯಾವುದನ್ನು ಸಡಿಲಿಸಿದಾಗ ಸದ್ದು ಹೋಗುತ್ತದೋ ಆ ಸಿಲಿಂಡರಿನದ್ದೇ ಸದ್ದು. ಇದನ್ನು ನೀವು ಮಾಡಬೇಡಿ, ಅನುಭವವಿದ್ದವರಿಂದ ಮಾಡಿಸಿ. ಆ ಪೈಪಿನಲ್ಲಿ ಡೀಸೆಲ್ ನೂರಾರು ಬಾರ್ ಒತ್ತಡದಲ್ಲಿರುತ್ತದೆ. ಕಣ್ಣಿಗೆ ಕಾಣದ ಎಳೆಯಾಗಿ ಚಿಮ್ಮಿದರೂ ಚರ್ಮ ತೂರಿ ಒಳಹೋಗುತ್ತದೆ, ಮೇಲೆ ಬರೀ ಚುಚ್ಚಿದಷ್ಟು ಗಾಯ ಕಂಡರೂ ಕೈಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಸೋರಿಕೆ ಹುಡುಕಲು ಬೆರಳು ಇಡಬಾರದು, ರಟ್ಟಿನ ತುಂಡು ಹಿಡಿಯಬೇಕು. ಚುಚ್ಚಿತು ಅನ್ನಿಸಿದರೆ ಅದೇ ಗಳಿಗೆಗೆ ಆಸ್ಪತ್ರೆಗೆ ಹೋಗಬೇಕು.

ನಿಜವಾಗಿ ಹೆದರಬೇಕಾದ ಸದ್ದು ಕೆಳಗಿನದ್ದು. ಚೇಂಬರ್ ಮಟ್ಟದಿಂದ ಡಬ್ ಡಬ್ ಎಂದು ಭಾರವಾಗಿ, ಎಂಜಿನ್ ಬಿಸಿಯಾದಂತೆ ಜಾಸ್ತಿಯಾಗಿ, ಏರು ಹತ್ತುವಾಗಲೋ ಆಕ್ಸಿಲರೇಟರ್ ಬಿಟ್ಟ ಗಳಿಗೆಯಲ್ಲೋ ಜೋರಾಗಿ ಕೇಳಿ, ಜೊತೆಗೆ ಆಯಿಲ್ ದೀಪ ಮಿಣುಕಿದರೆ ಬೇರಿಂಗ್ ಹೋಗಿದೆ. ಎಲ್ಲಿದೆಯೋ ಅಲ್ಲೇ ಆರಿಸಿ, ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ. ಎಂಜಿನ್ ಬಿಚ್ಚಬೇಕು ಎನ್ನುವ ಮಾತು ಅಲ್ಲಿ ಸರಿ. ನೀವು ಬರೆದ ಸದ್ದಿಗೆ ಈ ಯಾವ ಗುಣವೂ ಇಲ್ಲ.

ಈಗ ಉಳಿದ ಅಪರಿಚಿತ ಭಾಗಗಳಿಗೆ ಬರುತ್ತೇನೆ. ತಳದಲ್ಲಿ ಆಯಿಲ್ ಇರುವ ಕಪ್ಪು ಡಬ್ಬ ಸೋರಿಕೆಯಲ್ಲ, ಅದು ಏರ್ ಫಿಲ್ಟರ್. ಹಳೆ ಜೀಪುಗಳಲ್ಲಿ ಕಾಗದದ ಫಿಲ್ಟರ್ ಬದಲು ಈ ಆಯಿಲ್ ಬಾತ್ ಫಿಲ್ಟರ್ ಇರುತ್ತಿತ್ತು. ಒಳಬಂದ ಗಾಳಿ ಆಯಿಲ್ ಮೇಲೆ ಹಾದು ತಿರುಗುವಾಗ ಧೂಳು ಆಯಿಲಿಗೆ ಅಂಟಿಕೊಳ್ಳುತ್ತದೆ, ಉಳಿದದ್ದನ್ನು ಮೇಲಿನ ತಂತಿಜಾಲಿ ಹಿಡಿಯುತ್ತದೆ. ಕ್ಲಿಪ್ ಬಿಚ್ಚಿ ಬಟ್ಟಲನ್ನು ಇಳಿಸಿ. ಎರಡು ಮಳೆಗಾಲದ ನಂತರ ಅಡಿಯಲ್ಲಿ ನೀರು, ಕೆಸರು, ಸತ್ತ ಹುಳು ಎಲ್ಲ ಇದ್ದಾವು. ಗಾಳಿ ಬರುವ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯೇ ಎಂದೂ ನೋಡಿ. ಎಲ್ಲ ತೊಳೆದು, ಒಣಗಿಸಿ, ಬಟ್ಟಲಿನ ಒಳಗೆ ಕೊರೆದಿರುವ ಗುರುತಿನವರೆಗೆ ಮಾತ್ರ ಎಂಜಿನ್ ಆಯಿಲ್ ಹಾಕಿ.

ಮಾತ್ರ ಎಂದಿದ್ದೇಕೆಂದರೆ, ಗುರುತು ಮೀರಿ ತುಂಬಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸಲು ಶುರುಮಾಡಬಹುದು. ಡೀಸೆಲ್ ಎಂಜಿನ್ನಿಗೆ ಉರಿಯುವ ಎಣ್ಣೆ ಯಾವ ದಾರಿಯಿಂದ ಬಂದರೂ ಸರಿಯೇ. ಆಗ ವೇಗ ತಾನಾಗಿ ಏರುತ್ತ ಹೋಗುತ್ತದೆ, ಸ್ಟಾಪ್ ಎಳೆದರೂ ಆರುವುದಿಲ್ಲ, ಚಾವಿ ತಿರುಗಿಸಿದರೂ ಆರುವುದಿಲ್ಲ. ಅಂಥ ಹೊತ್ತಿನಲ್ಲಿ ಬಾನೆಟ್ ಮೇಲೆ ಬಗ್ಗಿ ನಿಲ್ಲದೆ, ಬ್ರೇಕ್ ಗಟ್ಟಿಯಾಗಿ ತುಳಿದು ಟಾಪ್ ಗೇರ್ ಹಾಕಿ ಕ್ಲಚ್ ಬಿಡಿ, ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಗಾಳಿ ಬರುವ ಬಾಯಿಯನ್ನು ಹಲಗೆಯಿಂದ ಮುಚ್ಚುವುದು ಇನ್ನೊಂದು ದಾರಿ, ಕೈಯಿಂದಂತೂ ಮುಚ್ಚಬಾರದು. ಇದು ಅಪರೂಪ. ಆದರೂ ಆ ಡಬ್ಬ ಏನೆಂದು ತಿಳಿಯದೆ ತುಂಬಿಬಿಡುವವರು ಇರುವುದರಿಂದ ಬರೆದೆ.

ಡೀಸೆಲ್ ಫಿಲ್ಟರ್ ಹತ್ತಿರದ ಗುಂಡಿ ಕೈಪಂಪು. ಲೈನಿನಲ್ಲಿ ಗಾಳಿ ಸೇರಿದಾಗ ಅದನ್ನು ಒತ್ತಿ ಒತ್ತಿ ಡೀಸೆಲ್ ಏರಿಸಿ, ಫಿಲ್ಟರ್ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ ಗುಳ್ಳೆ ಹೋಗುವವರೆಗೆ ಏರ್ ತೆಗೆಯುತ್ತಾರೆ. ಫಿಲ್ಟರ್ ಅಡಿಯಲ್ಲಿ ಇನ್ನೊಂದು ಸ್ಕ್ರೂ ಇರುತ್ತದೆ, ಅದು ನೀರು ಇಳಿಸಲು. ನಿಮ್ಮ ಜೀಪು ಅರ್ಧ ಟ್ಯಾಂಕಿನಲ್ಲಿ ನಿಂತಿದ್ದರೆ ಖಾಲಿ ಭಾಗದ ತೇವ ಹನಿಗಟ್ಟಿ ಡೀಸೆಲಿನ ಅಡಿಗೆ ಸೇರಿರುತ್ತದೆ. ಗಾಜಿನ ಲೋಟಕ್ಕೆ ಸ್ವಲ್ಪ ಇಳಿಸಿ ನೋಡಿ, ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನೀರು ಕಂಡರೆ ಟ್ಯಾಂಕನ್ನೇ ಇಳಿಸಿ ತೊಳೆಸಬೇಕು. ನೋಝಲ್, ಪಂಪುಗಳ ಒಳಗೆ ಡೀಸೆಲ್ಲೇ ಆಯಿಲಿನ ಕೆಲಸವನ್ನೂ ಮಾಡುತ್ತದೆ. ಅಲ್ಲಿಗೆ ನೀರು ಹೋದರೆ ವ್ಯಾಕ್ಯೂಮ್ ಪಂಪಿಗಿಂತ ಎಷ್ಟೋ ಪಟ್ಟು ದೊಡ್ಡ ಖರ್ಚು.

ತಾಮ್ರದ ವಾಷರನ್ನು ಎಸೆಯದೆ ಇಟ್ಟುಕೊಂಡಿದ್ದೀರಿ, ಒಳ್ಳೆಯದಾಯಿತು. ಅದನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಎರಡೂ ಮುಖದಲ್ಲಿ ಹೊಳೆಯುವ ಉಂಗುರದಂಥ ಒತ್ತುಗುರುತು ಇದ್ದು ಮಸಿ ಇಲ್ಲದಿದ್ದರೆ ಅದು ಡೀಸೆಲ್ ಅಥವಾ ಆಯಿಲ್ ಪೈಪಿನ ತೂತು ಬೋಲ್ಟಿನದ್ದು. ಅಂಥ ಬೋಲ್ಟಿಗೆ ಪೈಪಿನ ತಲೆಯ ಆಚೆ ಒಂದು ಈಚೆ ಒಂದು, ಎರಡು ವಾಷರ್ ಇರಬೇಕು. ಒಂದು ಮುಖ ಸುಟ್ಟು ಕಪ್ಪಾಗಿ, ಇನ್ನೊಂದು ಮುಖ ಶುಭ್ರವಾಗಿದ್ದರೆ ಅದು ನೋಝಲಿನ ಅಡಿಯಲ್ಲಿ ಕೂತಿದ್ದದ್ದು, ಕಪ್ಪು ಮುಖ ಉರಿಯುವ ಕಡೆಗಿತ್ತು. ಗುರುತೇ ಇಲ್ಲದೆ ಸಪಾಟಾಗಿದ್ದರೆ ಬಳಸದ ಹೊಸದು, ಯಾರದೋ ಜೇಬಿನಿಂದ ಬಿದ್ದದ್ದು. ಬಳಸಿದ್ದಾಗಿದ್ದರೆ ಹಿಂದೆ ಯಾರೋ ಕೆಲಸ ಮಾಡುವಾಗ ಹಳೆಯದನ್ನು ತೆಗೆದು ಹೊಸದು ಹಾಕಿರಬಹುದು, ಅಥವಾ ಹಾಕಲು ಮರೆತಿರಬಹುದು. ಹಾಗಾಗಿ ಎಲ್ಲ ತೂತು ಬೋಲ್ಟುಗಳನ್ನೂ ಒಂದು ಸುತ್ತು ನೋಡಿ, ಎಲ್ಲಿ ತೇವವಿದೆ, ಎಲ್ಲಿ ವಾಷರ್ ಒಂದೇ ಇದೆ ಎಂದು. ಬಿಗಿಯುವಾಗ ತಾಮ್ರ ಅಮುಕಿಕೊಂಡು ಗಟ್ಟಿಯಾಗಿರುತ್ತದೆ, ಆದ್ದರಿಂದ ಈ ವಾಷರನ್ನೇ ಮತ್ತೆ ಹಾಕಬೇಡಿ. ಅಂಗಡಿಗೆ ಅಳತೆಗೆ ಒಯ್ಯಿರಿ.

ಅಂಗಡಿಯ ಮಾತು ಬಂದಾಗ ಹೇಳಲೇಬೇಕಾದ ಇನ್ನೊಂದು ವಿಷಯ: ಬಿಡಿಭಾಗ ಕೇಳುವ ಮೊದಲು ನಿಮ್ಮ ಜೀಪಿನಲ್ಲಿ ಯಾವ ಎಂಜಿನ್ ಇದೆ ಎಂದು ಖಚಿತ ಮಾಡಿಕೊಳ್ಳಿ. ಬಾನೆಟ್ ಮೇಲಿನ ಹೆಸರು ನಂಬಬೇಡಿ. ಕೊಡಗಿನಲ್ಲಿ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್, ಒಂದು ಡೀಸೆಲ್ ಎಂಜಿನ್ ಜಾಗಕ್ಕೆ ಇನ್ನೊಂದು ಕೂರಿಸಿದ ಗಾಡಿಗಳು ಹೇರಳ. ಮಹೀಂದ್ರದ ಹಳೆ ಡೀಸೆಲ್ ಜೀಪುಗಳಲ್ಲಿ ಹೆಚ್ಚಾಗಿ ಸಿಗುವುದು ಎರಡು. ಒಂದು ಪೂಜೊ ವಿನ್ಯಾಸದ ಎಕ್ಸ್‌ಡಿಪಿ 4.90, 2112 ಸಿಸಿಯದ್ದು. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್ ಎನ್ನುವುದೇ ಆ 4.90. ಇನ್ನೊಂದು 2523 ಸಿಸಿಯ ಡಿಐ, ಅಂದರೆ ಡೈರೆಕ್ಟ್ ಇಂಜೆಕ್ಷನ್. ಪೂಜೊದಲ್ಲಿ ಡೀಸೆಲ್ ಮೊದಲು ಒಂದು ಸಣ್ಣ ಕೋಣೆಯಲ್ಲಿ ಹೊತ್ತಿಕೊಳ್ಳುವುದರಿಂದ ಚಳಿಗೆ ಸ್ಟಾರ್ಟ್ ಮಾಡಲು ಹೀಟರ್ ಪ್ಲಗ್ ಬೇಕು. ಹೆಡ್ಡಿನ ಪಕ್ಕದಲ್ಲಿ ನಾಲ್ಕು ಪ್ಲಗ್ಗುಗಳನ್ನು ಒಂದೇ ವೈರು ಅಥವಾ ಪಟ್ಟಿ ಜೋಡಿಸಿದ್ದು ಕಂಡರೆ ಪೂಜೊ ಎಂದು ತಿಳಿಯಬಹುದು. ಡಿಐನಲ್ಲಿ ಡೀಸೆಲ್ ನೇರ ಪಿಸ್ಟನ್ ತಲೆಗೇ ಬೀಳುವುದರಿಂದ ಅದರ ಸಹಜ ಸದ್ದೇ ಹೆಚ್ಚು ಗಡುಸು. ಪೂಜೊ ಕೇಳಿ ಅಭ್ಯಾಸವಾದ ಕಿವಿಗೆ ಸರಿಯಾಗಿರುವ ಡಿಐ ಕೂಡ ಕೆಟ್ಟಂತೆ ಕೇಳುತ್ತದೆ.

ಭಾಗದ ಮೈಮೇಲೆ ಉಬ್ಬಿಕೊಂಡಿರುವ ಅಂಕಿಗಳು ಎರಕದ ಅಚ್ಚಿನವು. ಒಂದೇ ಅಚ್ಚಿನಿಂದ ಬೇರೆ ಬೇರೆ ಭಾಗಗಳು ತಯಾರಾಗುತ್ತವೆ. ಅಂಗಡಿಯವರಿಗೆ ಬೇಕಾದದ್ದು ತಗಡಿನ ಪಟ್ಟಿಯಲ್ಲಿ ಒತ್ತಿರುವ ನಂಬರು. ಡೀಸೆಲ್ ಪಂಪಿನ ಪಟ್ಟಿಯಲ್ಲಿ ಮೈಕೋ ಎಂದಿದ್ದರೆ ಗಾಬರಿ ಬೇಡ, ಬೆಂಗಳೂರಿನ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಮಣ್ಣು ಕೆರೆದು, ಪಟ್ಟಿಯ ಫೋಟೋ ತೆಗೆದುಕೊಳ್ಳಿ. ಎಂಜಿನ್ ಬ್ಲಾಕಿನ ಮೇಲೆ ಕೊರೆದ ನಂಬರನ್ನೂ ಆರ್‌ಸಿಯ ಜೊತೆ ಹೋಲಿಸಿ. ಹೊಂದದಿದ್ದರೆ ಅದನ್ನು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಸರಿಪಡಿಸಿಕೊಳ್ಳಬೇಕಾಗುತ್ತದೆ. 15 ವರ್ಷ ದಾಟಿದ ಸ್ವಂತ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಮೊದಲು ನೋಡುವುದೇ ಆ ನಂಬರು. ಜೀಪು ಈಗಲೂ ಅಪ್ಪನ ಹೆಸರಿನಲ್ಲೇ ಇದ್ದರೆ ವರ್ಗಾವಣೆಯ ಕೆಲಸವನ್ನೂ ಜೊತೆಗೇ ಮುಗಿಸಿಕೊಳ್ಳಿ.

ವ್ಯಾಕ್ಯೂಮ್ ಸರಿಯಾದರೂ ಬ್ರೇಕ್ ಸರಿಯಾಯಿತು ಎಂದುಕೊಳ್ಳಬೇಡಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಆ ತೇವದಿಂದ ವೀಲ್ ಸಿಲಿಂಡರುಗಳು ಒಳಗೇ ತುಕ್ಕು ಹಿಡಿದು ಅಂಟುತ್ತವೆ. ಉದ್ದ ಇಳಿಜಾರಿನಲ್ಲಿ ಡ್ರಮ್ ಕಾದಾಗ ಅದೇ ನೀರು ಆವಿಯಾಗಿ ಪೆಡಲ್ ನೆಲಕ್ಕೆ ಇಳಿದುಬಿಡಬಹುದು. ನಾಲ್ಕೂ ಚಕ್ರ ಬಿಚ್ಚಿಸಿ, ಸಿಲಿಂಡರ್ ಕಿಟ್, ಹೋಸ್ ಪೈಪು, ಆಯಿಲ್ ಹೊಸದು ಹಾಕಿಸಿ. ಈ ಖರ್ಚಿನಲ್ಲಿ ಮಾತ್ರ ಉಳಿತಾಯ ನೋಡಬೇಡಿ.

ಕೊನೆಗೆ ಆ ಗುಂಯ್ ಸದ್ದು. ಎಂಜಿನ್ ಓಡುತ್ತಿದ್ದು, ಗೇರ್ ನ್ಯೂಟ್ರಲ್‌ನಲ್ಲಿದ್ದು, ಕ್ಲಚ್ ಪೆಡಲ್ ಬಿಟ್ಟಿರುವಾಗ ಗೇರ್‌ಬಾಕ್ಸಿನ ಮುಂದಿನ ಶಾಫ್ಟ್ ತಿರುಗುತ್ತಿರುತ್ತದೆ. ಕ್ಲಚ್ ತುಳಿದರೆ ಅದು ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಆದ್ದರಿಂದ ಅದು ಆ ಶಾಫ್ಟಿನ ಬೇರಿಂಗ್. ತದ್ವಿರುದ್ಧವಾಗಿ, ತುಳಿದಾಗ ಸದ್ದು ಹುಟ್ಟಿದ್ದರೆ ಕ್ಲಚ್ ರಿಲೀಸ್ ಬೇರಿಂಗ್ ಎನ್ನುತ್ತಿದ್ದೆ. ಗೇರ್‌ಬಾಕ್ಸ್ ಇಳಿಸುವ ಮೊದಲು ಪಕ್ಕದ ಪ್ಲಗ್ ತೆಗೆದು ಬೆರಳು ಹಾಕಿ ಆಯಿಲ್ ಮಟ್ಟ ನೋಡಿ, ತೂತಿನ ಅಂಚಿನವರೆಗೆ ಇರಬೇಕು. ಬೆರಳಿಗೆ ಹತ್ತಿದ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣದಲ್ಲಿದ್ದರೆ ನೀರು ಸೇರಿದೆ. ತೋಡು ದಾಟುವ ಜೀಪುಗಳಲ್ಲಿ ಕಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಬ್ರೀದರ್ (ಗಾಳಿಯಾಡುವ ತೂತು) ಮೂಲಕ ನೀರೆಳೆದುಕೊಳ್ಳುತ್ತದೆ. ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ), ಹಿಂದಿನ ಮುಂದಿನ ಡಿಫರೆನ್ಷಿಯಲ್‌ಗಳ ಆಯಿಲ್ ಕೂಡ ಇದೇ ಸಲ ತೆಗೆಸಿ ನೋಡಿ. ಹಳೆ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಹರವಿ, ಮ್ಯಾಗ್ನೆಟ್ ಆಡಿಸಿ. ನುಣ್ಣನೆಯ ಪುಡಿ ಸಹಜ, ಚೂರುಗಳು ಬಂದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಪುಡಿ ಮಾತ್ರ ಇದ್ದರೆ ಹೊಸ ಆಯಿಲ್ ಹಾಕಿ, ಸದ್ದು ಹೆಚ್ಚುತ್ತಿದೆಯೇ ಎಂದು ಗಮನಿಸುತ್ತ ಈ ಕಾಫಿ ಕೊಯ್ಲು ಮುಗಿಯುವವರೆಗೆ ತೋಟದೊಳಗೆ ಓಡಿಸಬಹುದು, ಬೇರಿಂಗ್ ಕೆಲಸವನ್ನು ಮಾರ್ಚ್‌ಗೆ ಇಟ್ಟುಕೊಳ್ಳಿ.